ವೈನಿನ ಖನಿಜಗಳು: ಮಣ್ಣು, ಹವೆ, ತೊಟ್ಟಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಗಳಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇವೆ. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಇಟ್ಟಿದ್ದೇವೆ. ಸುಲಭದವು ಮೊದಲು, ಲೆಕ್ಕ ಮತ್ತು ರಸಾಯನ ಬೇಡುವವು ಕೊನೆಗೆ. ಬೇಕಾದ ಪ್ರಶ್ನೆಗೆ ನೇರ ಹೋಗಿ ಓದಿಕೊಳ್ಳಬಹುದು.

## ಮೊದಲ ಪರಿಚಯ

ವೈನಿನಲ್ಲಿ ಖನಿಜ ಇದೆ ಅಂತಾರೆ. ಏನೇನು, ಎಷ್ಟೆಷ್ಟು?

ಒಂದು ಲೀಟರ್ ವೈನನ್ನು ಪೂರ್ತಿ ಇಂಗಿಸಿ, ಉಳಿದದ್ದನ್ನು ಸುಟ್ಟರೆ ಸಾಮಾನ್ಯವಾಗಿ 1.5ರಿಂದ 3 ಗ್ರಾಂ ಬೂದಿ ಸಿಗುತ್ತದೆ. ಅದರಲ್ಲಿ ದೊಡ್ಡ ಪಾಲು ಪೊಟ್ಯಾಷಿಯಂನದು: ಲೀಟರಿಗೆ 500ರಿಂದ 1500 ಮಿಲಿಗ್ರಾಂ, ಬಿಳಿ ವೈನಿಗಿಂತ ಕೆಂಪು ವೈನಿನಲ್ಲಿ ಹೆಚ್ಚು. ಮೆಗ್ನೀಷಿಯಂ ಮತ್ತು ಕ್ಯಾಲ್ಸಿಯಂ ತಲಾ 50ರಿಂದ 150 ಮಿಲಿಗ್ರಾಂ. ಸೋಡಿಯಂ ಬಹುಪಾಲು 50ರ ಒಳಗೆ. ಕಬ್ಬಿಣ 1ರಿಂದ 5, ಮ್ಯಾಂಗನೀಸ್ ಮತ್ತು ಸತು ಒಂದೆರಡು ಮಿಲಿಗ್ರಾಂ, ತಾಮ್ರ ಒಂದಕ್ಕಿಂತ ಕಡಿಮೆ. ರುಬಿಡಿಯಂ, ಸ್ಟ್ರಾನ್ಶಿಯಂ, ಲೀಥಿಯಂ ಇವೆಲ್ಲ ಬಹಳ ಕಡಿಮೆ.

ಈ ಅಂಕಿಗಳನ್ನು ಒಮ್ಮೆ ಸಾಲಾಗಿ ನೋಡಿದರೆ ಸಾಕು, ವೈನಿನ ಖನಿಜದ ಕತೆ ಬಹುಮಟ್ಟಿಗೆ ಪೊಟ್ಯಾಷಿಯಂನ ಕತೆ ಎಂದು ಗೊತ್ತಾಗುತ್ತದೆ. ಕಲ್ಲು, ಬಂಡೆ, ಜ್ವಾಲಾಮುಖಿಯ ಮಾತೆಲ್ಲ ಆಮೇಲಿನದು.

ಸುಣ್ಣಕಲ್ಲಿನ ನೆಲದ ವೈನಿಗೆ ಸುಣ್ಣಕಲ್ಲಿನ ರುಚಿ ಬರುತ್ತೆ ಅಂತಾರಲ್ಲ, ನಿಜವಾ?

ಇಲ್ಲ. ಗೊಂದಲ ಹುಟ್ಟುವುದೇ ‘ಖನಿಜ’ ಎಂಬ ಪದದಿಂದ. ಬಂಡೆಯಲ್ಲಿರುವ ಖನಿಜ ಒಂದು ಹರಳು: ಕ್ಯಾಲ್ಸೈಟ್, ಕ್ವಾರ್ಟ್ಸ್, ಫೆಲ್ಡ್‌ಸ್ಪಾರ್. ಬಳ್ಳಿಗೆ ಬೇಕಾದ ಖನಿಜ ಎಂದರೆ ನೀರಿನಲ್ಲಿ ಕರಗಿದ ಅಯಾನು, ಅಂದರೆ ವಿದ್ಯುದಂಶ ಹೊತ್ತ ಕಣ. ಬೇರು ಹರಳನ್ನು ಹೀರಲಾರದು. ಕರಗಿ ಬಂದ ಕ್ಯಾಲ್ಸಿಯಂಗೆ ತಾನು ಸುಣ್ಣಕಲ್ಲಿನಿಂದ ಬಂದೆನೋ ಗೊಬ್ಬರದಿಂದ ಬಂದೆನೋ ಎಂಬ ಗುರುತಿರುವುದಿಲ್ಲ. ಕ್ವಾರ್ಟ್ಸ್ ಅಂತೂ ನೀರಿನಲ್ಲಿ ಕರಗುವುದೇ ಇಲ್ಲವೆನ್ನಬಹುದು. ಕರಗದ್ದಕ್ಕೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ.

ಫ್ರಾನ್ಸಿನ ಶಾಬ್ಲಿಯ ಉದಾಹರಣೆ ತೆಗೆದುಕೊಳ್ಳಿ. ಅಲ್ಲಿನ ಕಿಮ್ಮರಿಡ್ಜಿಯನ್ ಕಾಲದ ಸುಣ್ಣಜೇಡಿಯಲ್ಲಿ ‘ಎಕ್ಸೋಗೈರಾ ವಿರ್ಗುಲಾ’ ಎಂಬ ಅಲ್ಪವಿರಾಮದಂತೆ ಬಾಗಿದ ಪುಟ್ಟ ಸಿಂಪಿಗಳ ಪಳೆಯುಳಿಕೆ ತುಂಬಿಕೊಂಡಿದೆ. ವೈನಿಗೆ ಕಡಲಿನ ರುಚಿ ಬರುವುದು ಈ ಸಿಂಪಿಗಳಿಂದಲೇ ಎಂದು ಹೇಳುವವರು ಬಹಳ. ಆದರೆ ಆ ಚಿಪ್ಪು ಈಗ ಬರೀ ಕ್ಯಾಲ್ಸೈಟ್. ಒಳಗಿದ್ದ ಪ್ರಾಣಿ ಕೊಳೆತು ಹೋಗಿ ಸುಮಾರು 15 ಕೋಟಿ ವರ್ಷವಾಗಿದೆ.

ಹಾಗಾದರೆ ಬೆಣಚುಕಲ್ಲು ಉಜ್ಜಿದಾಗ ಬರುವಂಥ ಆ ವಾಸನೆ ಎಲ್ಲಿಂದ ಬರುತ್ತೆ? ನನ್ನ ಮೂಗು ಸುಳ್ಳು ಹೇಳುತ್ತಾ?

ಮೂಗು ಸುಳ್ಳು ಹೇಳುವುದಿಲ್ಲ, ಕಾರಣ ಮಾತ್ರ ಬೇರೆ. ಕಿಡಿ ಹೊಡೆದ ಕಲ್ಲಿನ ವಾಸನೆ ಕೊಡುವುದು ಗಂಧಕವಿರುವ ಒಂದು ಸಂಯುಕ್ತ, ಬೆಂಜೀನ್‌ಮೀಥೇನ್‌ಥಯೋಲ್. ಫ್ರಾನ್ಸಿನ ಬೋರ್ಡೋದ ವಿಜ್ಞಾನಿಗಳಾದ ತೊಮಿನಾಗ, ದುಬುರ್ದಿಯು ಮತ್ತು ಸಂಗಡಿಗರು 2003ರಲ್ಲಿ ಅದನ್ನು ವೈನಿನಲ್ಲಿ ಗುರುತಿಸಿದರು. ಲೀಟರಿಗೆ ಒಂದು ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೂ ಮೂಗಿಗೆ ಹತ್ತುತ್ತದೆ. ಇಂಥ ಸಂಯುಕ್ತಗಳು ಹುಟ್ಟುವುದು ಗಾಳಿ ತಾಗದಂತೆ ಯೀಸ್ಟ್ ಗಸಿಯ ಮೇಲೆ ವೈನ್ ಕುಳಿತಾಗ. ಮಣ್ಣಿನ ಪಾಲು ಇದ್ದರೆ ಅದು ಬಳಸು ದಾರಿಯಲ್ಲಿ: ಬಡ ನೆಲದ ರಸದಲ್ಲಿ ಸಾರಜನಕ ಕಡಿಮೆ, ಸಾರಜನಕ ಸಾಲದ ಯೀಸ್ಟ್ ಗಂಧಕದ ವಾಸನೆಗಳನ್ನು ಹೆಚ್ಚು ಬಿಡುತ್ತದೆ.

ಇನ್ನು ಒದ್ದೆ ಕಲ್ಲಿನ ವಾಸನೆ. ಒಣನೆಲಕ್ಕೆ ಮಳೆ ಬಿದ್ದಾಗ ಏಳುವ ಪರಿಮಳಕ್ಕೆ 1964ರಲ್ಲಿ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು ‘ಪೆಟ್ರಿಕೋರ್’ ಎಂದು ಹೆಸರಿಟ್ಟರು. ಅದು ಕಲ್ಲು ಹೀರಿಟ್ಟುಕೊಂಡ ಸಸ್ಯತೈಲಗಳದ್ದು. ಮಣ್ಣಿನ ಸೂಕ್ಷ್ಮಜೀವಿಗಳ ಜಿಯೋಸ್ಮಿನ್ ಕೂಡ ಅದಕ್ಕೆ ಸೇರುತ್ತದೆ. ಸ್ವತಃ ಕಲ್ಲಿಗೆ ವಾಸನೆಯಿಲ್ಲ.

ಬಾಟಲಿಯ ತಳದಲ್ಲಿ ಗಾಜಿನ ಪುಡಿಯಂಥದ್ದು ಕಂಡಿತು. ಕುಡಿಯಬಹುದಾ?

ಕುಡಿಯಬಹುದು. ಆದರೆ ಮೊದಲು ಗಾಜಲ್ಲ ಎಂದು ಖಚಿತಪಡಿಸಿಕೊಳ್ಳಿ. ಒಂದು ಚೂರನ್ನು ಬಿಸಿನೀರಿನ ಲೋಟಕ್ಕೆ ಹಾಕಿ ಕಲಕಿ. ಪೊಟ್ಯಾಷಿಯಂ ಬೈಟಾರ್ಟ್ರೇಟ್ (ದ್ರಾಕ್ಷಿಯ ಟಾರ್ಟಾರಿಕ್ ಆಮ್ಲ ಮತ್ತು ಪೊಟ್ಯಾಷಿಯಂ ಸೇರಿದ ಲವಣ) ಆದರೆ ಕೆಲವೇ ನಿಮಿಷದಲ್ಲಿ ಕರಗಿ ನೀರು ಹುಳಿಯಾಗುತ್ತದೆ. ಕರಗದೆ ಉಳಿದರೆ ಆ ಬಾಟಲಿ ಬೇಡ. (ಕ್ಯಾಲ್ಸಿಯಂ ಟಾರ್ಟ್ರೇಟ್ ಕೂಡ ಸುಲಭಕ್ಕೆ ಕರಗುವುದಿಲ್ಲ, ಆದರೂ ಅನುಮಾನವಿರುವ ಚೂರಿನ ಮೇಲೆ ಪಣ ಕಟ್ಟಬೇಕಿಲ್ಲ.) ಬಿಳಿ ವೈನಿನಲ್ಲಿ ಹರಳು ಕಲ್ಲುಸಕ್ಕರೆಯ ಪುಡಿಯಂತೆ ಮಿನುಗುತ್ತದೆ. ಕೆಂಪು ವೈನಿನಲ್ಲಿ ಬಣ್ಣ ಹೀರಿಕೊಂಡು ನೇರಳೆಯಾಗಿ ಬಿರಡೆಯ ಒಳಮೈಗೆ ಅಂಟಿರುತ್ತದೆ.

ಬೀಳುವುದೇಕೆಂದರೆ, ಆಲ್ಕೋಹಾಲ್ ಮತ್ತು ತಂಪು ಎರಡೂ ಈ ಲವಣದ ಕರಗುವಿಕೆಯನ್ನು ತಗ್ಗಿಸುತ್ತವೆ. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 5 ಗ್ರಾಂ ಕರಗಿದರೆ, 12 ಶೇಕಡಾ ಆಲ್ಕೋಹಾಲಿನಲ್ಲಿ ಅದರ ಅರ್ಧ. ಅದನ್ನೇ 0 ಡಿಗ್ರಿಗೆ ಇಳಿಸಿದರೆ ಒಂದು ಗ್ರಾಂ ಚಿಲ್ಲರೆ. ಅದಕ್ಕೇ ಬಾಟಲಿಗೆ ತುಂಬುವ ಮುಂಚೆ ತೊಟ್ಟಿಯಲ್ಲಿ ವೈನನ್ನು ಮೈನಸ್ 4 ಡಿಗ್ರಿಯ ಸುತ್ತ ಒಂದೆರಡು ವಾರ ಇರಿಸಿ, ಹರಳು ಅಲ್ಲೇ ಬೀಳುವಂತೆ ಮಾಡುತ್ತಾರೆ.

## ಮಣ್ಣು

ಕಲ್ಲಿನ ರುಚಿ ಬರಲ್ಲ ಅಂದರೆ ಮಣ್ಣಿಗೆ ಬೆಲೆಯೇ ಇಲ್ಲ ಅಂತಾಯ್ತಲ್ಲ?

ಮಣ್ಣಿಗೆ ಬಹಳ ಬೆಲೆಯಿದೆ, ಅದು ಹೆಚ್ಚಾಗಿ ನೀರಿನ ಮೂಲಕ ಕೆಲಸ ಮಾಡುತ್ತದೆ ಅಷ್ಟೆ. ಬೋರ್ಡೋದಲ್ಲಿ ಜೆರಾರ್ ಸೆಗ್ಯಾಂ ದಶಕಗಳ ಕಾಲ ಒಳ್ಳೆಯ ತೋಟಗಳ ಮಣ್ಣನ್ನು ಅಗೆದು ನೋಡಿದರು. ಜಲ್ಲಿ, ಜೇಡಿ, ಸುಣ್ಣ ಹೀಗೆ ಮಣ್ಣಿನ ರಸಾಯನ ಬೇರೆ ಬೇರೆ ಇದ್ದರೂ ಒಳ್ಳೆಯ ತೋಟಗಳೆಲ್ಲ ಒಂದು ಗುಣದಲ್ಲಿ ಕೂಡುತ್ತಿದ್ದವು. ಮಳೆ ಹೆಚ್ಚಾದರೆ ನೀರು ಬೇಗ ಬಸಿದು ಹೋಗುತ್ತದೆ, ಬರ ಬಂದರೆ ಆಳದಿಂದ ಸ್ವಲ್ಪ ಸ್ವಲ್ಪವೇ ಸಿಗುತ್ತದೆ. ಫ್ರಾನ್ಸಿನ ಶಾಂಪೇನ್ ಪ್ರದೇಶದ ಸೀಮೆಸುಣ್ಣದ ಪದರದ ಒಂದು ಘನಮೀಟರ್ 300ರಿಂದ 400 ಲೀಟರ್ ನೀರು ಹಿಡಿದಿಡುತ್ತದೆ. ಒಣ ಬೇಸಿಗೆಯಲ್ಲಿ ಬಳ್ಳಿಗೆ ಅದೇ ಗುಟುಕು.

ನೀರು ಹದವಾಗಿ ಕಡಿಮೆಯಾದರೆ ಚಿಗುರು ನಿಲ್ಲುತ್ತದೆ, ಕಾಯಿ ಚಿಕ್ಕದಾಗುತ್ತದೆ, ಗೊಂಚಲಿಗೆ ಬೆಳಕು ಬೀಳುತ್ತದೆ. ಸಿಪ್ಪೆಗೂ ತಿರುಳಿಗೂ ಇರುವ ಅನುಪಾತ ಬದಲಾಗುತ್ತದೆ, ಅದರ ಜೊತೆ ಖನಿಜದ ಲೆಕ್ಕವೂ. ಎರಡು ತೋಟಗಳ ವೈನ್ ಬೇರೆಯಾಗಿದ್ದರೆ ಮೊದಲು ನೀರನ್ನು ನೋಡಿ, ಆಮೇಲೆ ಪೊಟ್ಯಾಷಿಯಂ, ಕಲ್ಲಿನ ಹೆಸರು ಕೊನೆಗೆ. ಈ ಕ್ರಮ ನಮಗೆ ಖಚಿತವಾಗಿದೆ.

ಜೇಡಿಮಣ್ಣು, ಮರಳುಮಣ್ಣು. ಪೋಷಕಾಂಶ ಹಿಡಿದಿಡುವುದರಲ್ಲಿ ಎಷ್ಟು ವ್ಯತ್ಯಾಸ?

ಜೇಡಿಯ ಕಣದ ಮೈಯಲ್ಲಿ ಋಣ ವಿದ್ಯುದಂಶ ಇರುವುದರಿಂದ ಪೊಟ್ಯಾಷಿಯಂ, ಕ್ಯಾಲ್ಸಿಯಂ, ಮೆಗ್ನೀಷಿಯಂ ಅದಕ್ಕೆ ಅಂಟಿಕೊಳ್ಳುತ್ತವೆ. ಎಲ್ಲ ಜೇಡಿಯೂ ಒಂದೇ ಅಲ್ಲ. ಕಯೋಲಿನೈಟ್ ಕಿಲೋಗೆ 3ರಿಂದ 15 ಸೆಂಟಿಮೋಲ್ ಹಿಡಿದರೆ, ಒದ್ದೆಯಾದಾಗ ಉಬ್ಬಿ ಒಣಗಿದಾಗ ಬಿರಿಯುವ ಮಾಂಟ್‌ಮೊರಿಲೊನೈಟ್ 80ರಿಂದ 150 ಹಿಡಿಯುತ್ತದೆ. ಕೊಳೆತ ಸಾವಯವ ಅಂಶ ಅದಕ್ಕೂ ಹೆಚ್ಚು. ಮರಳು ಹೆಚ್ಚುಕಡಿಮೆ ಏನನ್ನೂ ಹಿಡಿಯದು. ಮರಳುನೆಲಕ್ಕೆ ಪೊಟ್ಯಾಷ್ ಗೊಬ್ಬರವನ್ನು ಒಂದೇ ಸಲ ಸುರಿದರೆ ಮುಂದಿನ ದೊಡ್ಡ ಮಳೆಗೆ ಬೇರಿನ ಕೆಳಗೆ ಇಳಿದು ಹೋಗುತ್ತದೆ, ಕಂತುಗಳಲ್ಲೇ ಕೊಡಬೇಕು.

ಪೊಟ್ಯಾಷಿಯಂ ಹೆಚ್ಚಿದ್ದರೆ ಹಣ್ಣಿಗೆ ಒಳ್ಳೇದು ಅಂತಲೇ ಎಲ್ಲರೂ ಹೇಳೋದು. ವೈನಿಗೆ ಯಾಕೆ ಬೇಡ?

ತಿನ್ನುವ ದ್ರಾಕ್ಷಿಗೆ ಹುಳಿ ಕಡಿಮೆಯಾದರೆ ಸಂತೋಷ, ವೈನಿಗೆ ಅದೇ ತೊಂದರೆ. ಕಾಯಿಯ ಜೀವಕೋಶಕ್ಕೆ ಪೊಟ್ಯಾಷಿಯಂ ಒಳಬಂದಂತೆ ಟಾರ್ಟಾರಿಕ್ ಆಮ್ಲದ ಹೈಡ್ರೋಜನ್ ಅಯಾನಿನ ಜಾಗವನ್ನು ಅದು ಹಿಡಿಯುತ್ತದೆ. ಆಮ್ಲ ಲವಣವಾಗುತ್ತದೆ, ಪಿಹೆಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಅಂಕಿ ಕಡಿಮೆ) ಏರುತ್ತದೆ. 3.4 ಇರಬೇಕಾದದ್ದು 3.8, 3.9 ಆಗುತ್ತದೆ.

ಇದರ ಪೆಟ್ಟು, ವೈನ್ ಕೆಡದಂತೆ ಹಾಕುವ ಸಲ್ಫರ್ ಡೈಆಕ್ಸೈಡ್ ಲೆಕ್ಕದಲ್ಲಿ ಕಾಣುತ್ತದೆ. ಸೂಕ್ಷ್ಮಜೀವಿಗಳನ್ನು ತಡೆಯುವ ಅದರ ಅಣುರೂಪ ಲೀಟರಿಗೆ 0.8 ಮಿಲಿಗ್ರಾಂ ಇರಬೇಕೆಂದರೆ, ಪಿಹೆಚ್ 3.2ರಲ್ಲಿ 20 ಮಿಲಿಗ್ರಾಂ ಬಿಡಿ ಸಲ್ಫರ್ ಡೈಆಕ್ಸೈಡ್ ಸಾಕು. ಪಿಹೆಚ್ 3.8ರಲ್ಲಿ ಅದೇ ಕೆಲಸಕ್ಕೆ 79 ಮಿಲಿಗ್ರಾಂ ಬೇಕು, ಅಷ್ಟು ಹಾಕಿದರೆ ಮೂಗಿಗೆ ಚುಚ್ಚುತ್ತದೆ. ಹಾಕದಿದ್ದರೆ ಬ್ರೆಟನೋಮೈಸಿಸ್‌ನಂಥ ಯೀಸ್ಟ್ ಸೇರಿ ಕುದುರೆಲಾಯದ ವಾಸನೆ. ಕೆಂಪು ವೈನಿನ ಬಣ್ಣವೂ ಕೆಂಪು ಬಿಟ್ಟು ಮಂಕು ನೇರಳೆಗೆ ತಿರುಗುತ್ತದೆ.

ಒಂದು ಟನ್ ಹಣ್ಣಿನ ಜೊತೆ ಸುಮಾರು 2ರಿಂದ 3 ಕಿಲೋ ಪೊಟ್ಯಾಷಿಯಂ ತೋಟದಿಂದ ಹೊರಹೋಗುತ್ತದೆ. ಅದಕ್ಕಿಂತ ಹೆಚ್ಚು ಹಾಕುತ್ತಿದ್ದೀರಾ ಎಂದು ಮೊದಲು ಲೆಕ್ಕ ಹಾಕಿ. ಹಿಂಡಿದ ಸಿಪ್ಪೆಯ ಕಾಂಪೋಸ್ಟ್ ಮತ್ತು ತೊಟ್ಟಿ ತೊಳೆದ ನೀರು ಇವೆರಡನ್ನೂ ಲೆಕ್ಕಕ್ಕೆ ಸೇರಿಸಲು ಜನ ಮರೆಯುತ್ತಾರೆ. ಪೊಟ್ಯಾಷಿಯಂ ಹೈಡ್ರಾಕ್ಸೈಡಿನಿಂದ ತೊಳೆದ ನೀರು ಬಳ್ಳಿಗೆ ಹರಿದರೆ ಅದೂ ಗೊಬ್ಬರವೇ.

ಸುಣ್ಣದ ನೆಲದಲ್ಲಿ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತೆ. ಕಬ್ಬಿಣ ಹಾಕಿದರೂ ಸರಿಹೋಗಲ್ಲ, ಯಾಕೆ?

ಮಣ್ಣಿನಲ್ಲಿ ಕಬ್ಬಿಣ ಇದೆ, ಬಳ್ಳಿಗೆ ಸಿಗುತ್ತಿಲ್ಲ. ಪಿಹೆಚ್ 7.5 ದಾಟಿದ ಸುಣ್ಣದ ನೆಲದಲ್ಲಿ ಕಬ್ಬಿಣ ಕರಗದ ರೂಪಕ್ಕೆ ಹೋಗುತ್ತದೆ, ನೀವು ಹಾಕಿದ ಕಬ್ಬಿಣದ ಸಲ್ಫೇಟಿಗೂ ಅದೇ ಗತಿ. ಮಳೆ ಜಾಸ್ತಿಯಾಗಿ ಮಣ್ಣು ಉಸಿರುಕಟ್ಟಿದಾಗ ಬೈಕಾರ್ಬನೇಟ್ ಏರಿ ಹಳದಿ ಇನ್ನೂ ಹೆಚ್ಚುತ್ತದೆ. ಹಳೆಯ ಎಲೆಗಳಲ್ಲಿ ನರಗಳ ನಡುವೆ ಹಳದಿ ಬಂದರೆ ಅದು ಮೆಗ್ನೀಷಿಯಂ ಕೊರತೆ. ಎಲೆಯಂಚು ಸುಟ್ಟಂತಾದರೆ ಪೊಟ್ಯಾಷಿಯಂ ಕೊರತೆಯೋ ಉಪ್ಪೋ ಎಂದು ನೋಡಬೇಕು. ಯಾವ ಎಲೆ ಎಂಬುದೇ ಅರ್ಧ ಉತ್ತರ.

ಶಾಶ್ವತ ಪರಿಹಾರ ಬೇರುಸಸಿ, ಅಂದರೆ ರೂಟ್‌ಸ್ಟಾಕ್. ಫಿಲಾಕ್ಸೆರಾ ಕೀಟದಿಂದ ತಪ್ಪಿಸಿಕೊಳ್ಳಲು ಅಮೆರಿಕದ ಬಳ್ಳಿಗಳ ಮೇಲೆ ಕಸಿ ಕಟ್ಟಿದಾಗ, ಕೊನ್ಯಾಕ್, ಶಾಂಪೇನ್ ಕಡೆಯ ಸುಣ್ಣದ ನೆಲದಲ್ಲಿ ಅವು ಹಳದಿಯಾಗಿ ಸೊರಗಿದವು. ಫ್ರಾನ್ಸಿನ ದ್ರಾಕ್ಷಿತಜ್ಞ ಪಿಯೇರ್ ವಿಯಾಲ 1887ರಲ್ಲಿ ಅಮೆರಿಕಕ್ಕೆ ಹೋಗಿ, ಟೆಕ್ಸಾಸಿನ ದ್ರಾಕ್ಷಿತಜ್ಞ ಟಿ. ವಿ. ಮನ್ಸನ್ ನೆರವಿನಿಂದ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಬೆಳೆಯುವ ಬರ್ಲಾಂಡಿಯೆರಿ ಬಳ್ಳಿಯತ್ತ ಗಮನ ಸೆಳೆದರು. ಇಂದಿಗೂ ಸುಣ್ಣ ತಡೆಯುವ ಬೇರುಸಸಿಗಳ ರಕ್ತದಲ್ಲಿ ಅದೇ ಇದೆ. ಸಕ್ರಿಯ ಸುಣ್ಣ (ಸುಲಭಕ್ಕೆ ಕರಗುವ ನುಣ್ಣನೆಯ ಸುಣ್ಣ) ಎಷ್ಟು ಶೇಕಡಾದವರೆಗೆ ತಡೆಯುತ್ತವೆ ಎಂಬ ರೂಢಿಯ ಅಂಕಿ ಹೀಗಿದೆ: ರಿಪಾರಿಯಾ ಗ್ಲೋರಿ 6, 3309 ಕೂದರ್ಕ್ 11, ಎಸ್‌ಒ4 ಮತ್ತು 110 ರಿಕ್ಟರ್ 17, 140 ರುಜೇರಿ 20, 41 ಬಿ 40. ನೆಡುವ ಮುನ್ನ ಒಟ್ಟು ಸುಣ್ಣವಲ್ಲ, ಸಕ್ರಿಯ ಸುಣ್ಣವನ್ನೇ ಅಳೆಸಿ.

ಬೇರುಸಸಿ ಆರಿಸುವಾಗ ಉಳಿದ ಖನಿಜಗಳೂ ನೆನಪಿರಲಿ. ಎಸ್‌ಒ4 ಮೆಗ್ನೀಷಿಯಂ ಕಡಿಮೆ ಹೀರುತ್ತದೆ, ಪೊಟ್ಯಾಷಿಯಂ ಹೆಚ್ಚಿರುವ ನೆಲದಲ್ಲಿ ಗೊಂಚಲಿನ ತೊಟ್ಟು ಒಣಗಿ ಕಾಯಿ ಸುಕ್ಕುವ ಅಪಾಯವಿದೆ. ಡಾಗ್‌ರಿಜ್, ರ‍್ಯಾಮ್ಸಿಯಂಥ ಚಾಂಪಿನಿ ಜಾತಿಯವು ಪೊಟ್ಯಾಷಿಯಂ ಜೋರಾಗಿ ಹೀರುತ್ತವೆ. ಪಿಹೆಚ್ ಏರುವ ಬಿಸಿ ಜಾಗದಲ್ಲಿ ವೈನ್ ತಳಿಗೆ ಅವನ್ನು ಕಟ್ಟುವಾಗ ಎರಡು ಸಲ ಯೋಚಿಸಬೇಕು.

ನೀರಾವರಿಯ ನೀರು ಸ್ವಲ್ಪ ಉಪ್ಪು. ವೈನಿಗೆ ಅದು ಇಳಿಯುತ್ತಾ?

ಇಳಿಯುತ್ತದೆ, ಇಳಿದದ್ದು ಹೋಗುವುದೂ ಇಲ್ಲ. ಪೊಟ್ಯಾಷಿಯಂ ಹರಳಾಗಿ ಬೀಳುತ್ತದೆ, ಸೋಡಿಯಂ ಮತ್ತು ಕ್ಲೋರೈಡ್ ವೈನಿನಲ್ಲೇ ಉಳಿಯುತ್ತವೆ. ಬೇರೆ ವೈನ್ ಬೆರೆಸುವುದು ಅಥವಾ ಅಯಾನು ಬೇರ್ಪಡಿಸುವ ಯಂತ್ರ ಬಿಟ್ಟರೆ ದಾರಿಯಿಲ್ಲ. ಆಸ್ಟ್ರೇಲಿಯದಲ್ಲಿ ಕರಗಿದ ಕ್ಲೋರೈಡ್ ಸೋಡಿಯಂ ಕ್ಲೋರೈಡಿನ ಲೆಕ್ಕದಲ್ಲಿ ಲೀಟರಿಗೆ 1 ಗ್ರಾಂ ಮೀರುವಂತಿಲ್ಲ.

ಉಪ್ಪನ್ನು ಅಳೆಯುವುದು ವಿದ್ಯುತ್‌ವಾಹಕತೆಯಿಂದ. ಬೇರಿನ ವಲಯದ ಮಣ್ಣಿನ ಸಾರದಲ್ಲಿ ಅದು ಮೀಟರಿಗೆ 1.5 ಡೆಸಿಸೀಮನ್ಸ್ ದಾಟಿದರೆ ದ್ರಾಕ್ಷಿಯ ಇಳುವರಿ ಕುಸಿಯತೊಡಗುತ್ತದೆ, ಆಮೇಲಿನ ಪ್ರತಿ ಒಂದು ಘಟಕಕ್ಕೆ ಸುಮಾರು ಶೇಕಡಾ 9.6. ನೀರಿನಲ್ಲೇ 1 ಡೆಸಿಸೀಮನ್ಸ್ ಇದ್ದರೆ ಎಚ್ಚರವಹಿಸಿ. ಹನಿ ನೀರಾವರಿಯಲ್ಲಿ ಉಪ್ಪು ಒದ್ದೆ ವೃತ್ತದ ಅಂಚಿನಲ್ಲಿ ಬಿಳಿ ಬಳೆಯಂತೆ ಕೂರುತ್ತದೆ. ಸಣ್ಣ ಮಳೆ ಬಂದರೆ ಅದು ಕೊಚ್ಚಿ ಹೋಗುವ ಬದಲು ಒಳಗೆ, ಬೇರಿನತ್ತ ಸರಿಯುತ್ತದೆ. ಹಾಗಾಗಿ ಸಣ್ಣ ಮಳೆಯ ಹೊತ್ತಿನಲ್ಲಿ ಹನಿ ನೀರನ್ನು ನಿಲ್ಲಿಸಬೇಡಿ.

## ಹವೆ

ಮಣ್ಣು ಅದೇ, ತಳಿ ಅದೇ. ಆದರೂ ಒಂದೊಂದು ವರ್ಷ ಒಂದೊಂದು ಲೆಕ್ಕ ಯಾಕೆ?

ಏಕೆಂದರೆ ಕಾಯಿಗೆ ಖನಿಜ ಬರುವ ದಾರಿ ಎರಡು. ಅವು ಬೇರೆ ಬೇರೆ ಹೊತ್ತಿನಲ್ಲಿ ನಡೆಯುತ್ತವೆ. ಕ್ಯಾಲ್ಸಿಯಂ ಬರುವುದು ಬೇರಿನಿಂದ ನೀರು ಏರುವ ಕೊಳವೆಯಲ್ಲಿ, ಬಹುಪಾಲು ಕಾಯಿ ಗಟ್ಟಿಯಾಗಿ ಹಸಿರಾಗಿರುವಾಗ. ಕಾಯಿ ಮೆತ್ತಗಾಗಿ ಬಣ್ಣ ತಿರುಗಿದ ಮೇಲೆ ಆ ಹರಿವು ತಗ್ಗಿ, ಎಲೆಯಿಂದ ಸಕ್ಕರೆ ತರುವ ಕೊಳವೆ ಮುಖ್ಯವಾಗುತ್ತದೆ. ಪೊಟ್ಯಾಷಿಯಂ ಬರುವುದು ಈ ಸಕ್ಕರೆಯ ಜೊತೆ.

ಹಾಗಾಗಿ ಹೂವಿನಿಂದ ಬಣ್ಣ ತಿರುಗುವವರೆಗೆ ಒಣ ಗಾಳಿ, ನೀರು ಎರಡೂ ಸಿಕ್ಕಿದರೆ ಕ್ಯಾಲ್ಸಿಯಂ ಚೆನ್ನಾಗಿ ಸೇರುತ್ತದೆ. ಬಣ್ಣ ತಿರುಗಿದ ಮೇಲೆ ಬಿಸಿ ಮುಂದುವರಿದು ಕೊಯ್ಲು ತಡವಾದರೆ ಪೊಟ್ಯಾಷಿಯಂ ಏರುತ್ತದೆ. ಇದಕ್ಕೆ ಎದುರಾದ ಒಂದು ಸಂಗತಿಯೂ ಇದೆ: ಮಣ್ಣಿನಲ್ಲಿ ಪೊಟ್ಯಾಷಿಯಂ ಬೇರಿಗೆ ಸರಿಯುವುದು ತೆಳು ನೀರಿನ ಪದರದಲ್ಲಿ. ನೆಲ ತೀರ ಒಣಗಿದರೆ ಹೀರುವುದೇ ಕಡಿಮೆಯಾಗುತ್ತದೆ. ಬರದ ವರ್ಷ ಎಂದ ಮಾತ್ರಕ್ಕೆ ಪೊಟ್ಯಾಷಿಯಂ ಇಷ್ಟೇ ಎಂದು ಊಹಿಸಬೇಡಿ, ಅಳೆಯಿರಿ.

ಬಿಸಿ ಪ್ರದೇಶದ ವೈನಿನಲ್ಲಿ ಹುಳಿ ಕಡಿಮೆ ಇರೋದು ಪೊಟ್ಯಾಷಿಯಂನಿಂದಲೇನಾ?

ಅದೊಂದೇ ಅಲ್ಲ. ಬಿಸಿಯಲ್ಲಿ ಕಾಯಿ ತನ್ನ ಮ್ಯಾಲಿಕ್ ಆಮ್ಲವನ್ನು ಉಸಿರಾಟಕ್ಕೆ ಉರಿಸಿಕೊಳ್ಳುತ್ತದೆ, ರಾತ್ರಿಯೂ ತಣಿಯದಿದ್ದರೆ ಇನ್ನೂ ಬೇಗ. ಟಾರ್ಟಾರಿಕ್ ಹಾಗೆ ಉರಿಯುವುದಿಲ್ಲ, ಪೊಟ್ಯಾಷಿಯಂ ಅದನ್ನು ಲವಣವಾಗಿಸುತ್ತದೆ. ಎರಡು ಕಡೆಯಿಂದ ಪೆಟ್ಟು.

ಎಲೆ ದಟ್ಟವಾಗಿದ್ದರೆ ಗೊಂಚಲು ತಂಪಾಗಿರುತ್ತೆ, ಪಿಹೆಚ್ ಇಳಿಯಬೇಕಲ್ಲ?

ಆಗುವುದು ಉಲ್ಟಾ. ನೆರಳಿಗೆ ಸಿಕ್ಕ ಎಲೆ ಸಕ್ಕರೆ ಮಾಡುವುದಿಲ್ಲ, ತನ್ನಲ್ಲಿರುವ ಪೊಟ್ಯಾಷಿಯಂ ಅನ್ನು ಗೊಂಚಲಿಗೆ ಬಿಟ್ಟುಕೊಡುತ್ತದೆ. ಚಪ್ಪರ ದಟ್ಟವಾದ ಬಳ್ಳಿಯ ರಸದಲ್ಲಿ ಪೊಟ್ಯಾಷಿಯಂ, ಪಿಹೆಚ್ ಎರಡೂ ಹೆಚ್ಚಿರುತ್ತವೆ. ಕಾಯಿ ಕಟ್ಟಿದ ಮೇಲೆ ಗೊಂಚಲಿನ ಸುತ್ತ, ಬೆಳಗಿನ ಬಿಸಿಲು ಬೀಳುವ ಕಡೆಯಿಂದ ಒಳಗಿನ ಎಲೆಗಳನ್ನು ತೆಗೆಯಿರಿ. ಮಧ್ಯಾಹ್ನದ ಬಿಸಿಲಿಗೆ ತೆರೆದರೆ ಸಿಪ್ಪೆ ಸುಡುತ್ತದೆ.

ಮಳೆ ಮಣ್ಣನ್ನೇ ಬದಲಿಸುತ್ತಾ?

ಬದಲಿಸುತ್ತದೆ, ಆದರೆ ಸಾವಿರಾರು ವರ್ಷದ ಲೆಕ್ಕದಲ್ಲಿ. ಮಳೆ ಹೆಚ್ಚಿರುವಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ, ಪೊಟ್ಯಾಷಿಯಂ ತೊಳೆದು ಹೋಗಿ ಮಣ್ಣು ಹುಳಿಯಾಗುತ್ತದೆ. ಪಿಹೆಚ್ 5.5ಕ್ಕಿಂತ ಇಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿ ಮೊಂಡಾಗುತ್ತದೆ, ಮ್ಯಾಂಗನೀಸ್ ಎಲೆಗೂ ಹಣ್ಣಿಗೂ ಹೆಚ್ಚು ಏರುತ್ತದೆ. ಮಳೆ ಕಡಿಮೆಯಿರುವಲ್ಲಿ ಸುಣ್ಣವೂ ಉಪ್ಪೂ ಮೇಲೇ ಉಳಿಯುತ್ತವೆ.

## ಅಳತೆ ಮತ್ತು ತೊಟ್ಟಿ

ಬರೀ ಮಣ್ಣು ಪರೀಕ್ಷೆ ಮಾಡಿಸಿದರೆ ಸಾಕಾ?

ಸಾಲದು. ಮಣ್ಣಿನಲ್ಲಿ ಏನಿದೆ ಎಂದು ಅದು ಹೇಳುತ್ತದೆ, ಬಳ್ಳಿ ಏನು ತೆಗೆದುಕೊಂಡಿದೆ ಎಂದು ಹೇಳುವುದು ಎಲೆತೊಟ್ಟಿನ ಪರೀಕ್ಷೆ. ಮಣ್ಣನ್ನು 0–30, 30–60, 60–90 ಸೆಂಟಿಮೀಟರ್ ಆಳದಿಂದ ಬೇರೆ ಬೇರೆ ತೆಗೆಯಿರಿ. ಮೂರನ್ನೂ ಬೆರೆಸಿದರೆ ಕೆಳಗಿನ ಸುಣ್ಣದ ಪದರ ಕಾಣದೇ ಹೋಗುತ್ತದೆ.

ಎಲೆತೊಟ್ಟು ತೆಗೆಯುವುದು ಪೂರ್ತಿ ಹೂಬಿಟ್ಟ ಹೊತ್ತಿನಲ್ಲಿ. ಬುಡದ ಗೊಂಚಲಿನ ಎದುರಿಗಿರುವ ಎಲೆಯನ್ನು ಕಿತ್ತು, ಎಲೆಯನ್ನು ಅಲ್ಲೇ ಹರಿದು ಬಿಸಾಡಿ, ತೊಟ್ಟು ಮಾತ್ರ ಇಟ್ಟುಕೊಳ್ಳಿ. ಒಂದು ಬಳ್ಳಿಗೆ ಒಂದರಂತೆ 75ರಿಂದ 100 ತೊಟ್ಟು ಬೇಕು. ಒಂದೇ ತಳಿ, ಒಂದೇ ಬೇರುಸಸಿ ಇರಲಿ. ಕಾಗದದ ಚೀಲಕ್ಕೇ ಹಾಕಿ, ಪ್ಲಾಸ್ಟಿಕ್‌ನಲ್ಲಿ ಬೆವತು ಕೊಳೆಯುತ್ತದೆ. ಎಲೆಗೆ ಪೋಷಕಾಂಶ ಸಿಂಪಡಿಸಿದ ಬೆನ್ನಿಗೇ ತೆಗೆದರೆ ಅಂಕಿ ಸುಳ್ಳಾಗುತ್ತದೆ. ಒಣತೂಕದಲ್ಲಿ ಪೊಟ್ಯಾಷಿಯಂ ಶೇಕಡಾ 1ಕ್ಕಿಂತ ಕಡಿಮೆಯಿದ್ದರೆ ಕೊರತೆ, 1.5ರಿಂದ 2.5 ಹದ, 3 ದಾಟಿದರೆ ಗೊಬ್ಬರ ನಿಲ್ಲಿಸಿ. ಮೆಗ್ನೀಷಿಯಂ 0.3ಕ್ಕಿಂತ ಕೆಳಗಿಳಿಯಬಾರದು.

ರಸದ ಪಿಹೆಚ್ 3.9 ಬಂತು. ಟಾರ್ಟಾರಿಕ್ ಆಮ್ಲ ಎಷ್ಟು ಹಾಕಲಿ?

ಸೂತ್ರದಿಂದ ಹಾಕಬೇಡಿ, ಹಾಕಿ ನೋಡಿ. 10 ಗ್ರಾಂ ಟಾರ್ಟಾರಿಕ್ ಆಮ್ಲವನ್ನು ನೀರಿನಲ್ಲಿ ಕರಗಿಸಿ ಒಟ್ಟು 100 ಮಿಲಿ ಮಾಡಿಕೊಳ್ಳಿ. ತಲಾ 100 ಮಿಲಿ ರಸದ ಐದು ಲೋಟಗಳಲ್ಲಿ ಒಂದನ್ನು ಹಾಗೇ ಬಿಟ್ಟು, ಉಳಿದವಕ್ಕೆ ಈ ದ್ರಾವಣ 0.5, 1, 1.5, 2 ಮಿಲಿ ಹಾಕಿ. ಅದು ಲೀಟರಿಗೆ 0.5, 1, 1.5, 2 ಗ್ರಾಂಗೆ ಸಮ. ಕಲಕಿ, ಅರ್ಧ ಗಂಟೆ ಬಿಟ್ಟು ಪಿಹೆಚ್ ನೋಡಿ, ರುಚಿಯನ್ನೂ ನೋಡಿ. ಸಾಮಾನ್ಯ ರಸದಲ್ಲಿ ಒಂದು ಗ್ರಾಂಗೆ 0.1ರ ಸುತ್ತ ಇಳಿಯುತ್ತದೆ. ಪೊಟ್ಯಾಷಿಯಂ ಹೆಚ್ಚಿದ್ದರೆ ಹಾಕಿದ ಆಮ್ಲದ ಒಂದು ಪಾಲು ಹರಳಾಗಿ ಬೀಳುತ್ತದೆ. ಹುದುಗುವ ಮೊದಲೇ ಹಾಕಿದರೆ ಒಳ್ಳೆಯದು, ಕೆಟ್ಟ ಬ್ಯಾಕ್ಟೀರಿಯಾಗಳಿಗೆ ಆರಂಭದಲ್ಲೇ ತಡೆ ಬೀಳುತ್ತದೆ.

ಪಿಹೆಚ್ ಮೀಟರನ್ನು 4 ಮತ್ತು 7ರ ದ್ರಾವಣಗಳಿಂದ ಸರಿಹೊಂದಿಸಿದ ಮೇಲೆ ಇನ್ನೊಂದು ತಾಳೆ ನೋಡಬಹುದು. ಪೊಟ್ಯಾಷಿಯಂ ಬೈಟಾರ್ಟ್ರೇಟನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಇನ್ನು ಕರಗದು ಎನ್ನುವಷ್ಟು ಕಲಕಿ, ತಿಳಿಯನ್ನು ಅಳೆಯಿರಿ. 25 ಡಿಗ್ರಿಯಲ್ಲಿ 3.56 ತೋರಿಸಬೇಕು. ತೋರಿಸದಿದ್ದರೆ ಮೀಟರನ್ನು ಮತ್ತೆ ಸರಿಹೊಂದಿಸಿ, ಆಗಲೂ ಬಾರದಿದ್ದರೆ ಎಲೆಕ್ಟ್ರೋಡ್ ಬದಲಿಸುವ ಹೊತ್ತು ಬಂದಿದೆ.

ಬೋರ್ಡೋ ದ್ರಾವಣ ಸಿಂಪಡಿಸಿದ ತಾಮ್ರ ವೈನಿಗೆ ಬರುತ್ತಾ?

ರಸಕ್ಕೆ ಬರುತ್ತದೆ, ವೈನಿನಲ್ಲಿ ಬಹಳ ಉಳಿಯುವುದಿಲ್ಲ. ಹುದುಗುವಾಗ ಯೀಸ್ಟ್ ಹಿಡಿದುಕೊಂಡು, ಸಲ್ಫೈಡ್ ಆಗಿ ಗಸಿಯ ಜೊತೆ ತಳಕ್ಕೆ ಹೋಗುತ್ತದೆ. ಅಂತರರಾಷ್ಟ್ರೀಯ ವೈನ್ ಸಂಸ್ಥೆಯ ಮಿತಿ ಲೀಟರಿಗೆ 1 ಮಿಲಿಗ್ರಾಂ. ಆದರೆ ಬಿಳಿ ವೈನಿನಲ್ಲಿ 0.5 ದಾಟಿದರೇ ಗಾಳಿಯಿಲ್ಲದ ಬಾಟಲಿಯಲ್ಲಿ ಕೆಂಪುಕಂದು ಮಬ್ಬು ಬರಬಹುದು. ಸೋವಿನ್ಯೋಂ ಬ್ಲಾಂಕ್‌ನಂಥ ತಳಿಯಲ್ಲಿ ಪರಿಮಳ ಕೊಡುವ ಗಂಧಕದ ಸಂಯುಕ್ತಗಳಾದ ಥಯೋಲ್‌ಗಳನ್ನು ತಾಮ್ರ ಕಟ್ಟಿಹಾಕುತ್ತದೆ, ಕೊಯ್ಲಿನ ಹತ್ತಿರ ಸಿಂಪಡಿಸಲೇಬೇಡಿ. ನಿಜವಾದ ಚಿಂತೆ ಮಣ್ಣಿನದು: 1885ರಿಂದ ಸಿಂಪಡಿಸುತ್ತ ಬಂದ ತಾಮ್ರ ಮೇಲ್ಮಣ್ಣಿನಲ್ಲೇ ಕೂತಿದೆ. ಐರೋಪ್ಯ ಒಕ್ಕೂಟ ಅದಕ್ಕಾಗಿಯೇ 7 ವರ್ಷದಲ್ಲಿ ಹೆಕ್ಟೇರಿಗೆ 28 ಕಿಲೋ ಎಂಬ ಮಿತಿ ಇಟ್ಟಿತು.

## ಇನ್ನೂ ಆಳಕ್ಕೆ

ತಣ್ಣಗಿಟ್ಟು ಹರಳು ಬಿದ್ದ ಮೇಲೆ ಒಂದು ವೈನಿನ ಪಿಹೆಚ್ ಇಳಿಯಿತು, ಇನ್ನೊಂದರದು ಏರಿತು. ತಪ್ಪಾಗಿದ್ದು ಎಲ್ಲಿ?

ಎಲ್ಲೂ ಇಲ್ಲ. ಬೈಟಾರ್ಟ್ರೇಟ್ ರೂಪ ಅತಿ ಹೆಚ್ಚಿರುವುದು ಪಿಹೆಚ್ 3.65ರ ಸುತ್ತ. ಅದಕ್ಕಿಂತ ಕೆಳಗಿನ ವೈನಿನಲ್ಲಿ ಹರಳು ಬಿದ್ದಾಗ, ಖಾಲಿಯಾದ ಜಾಗ ತುಂಬಲು ಟಾರ್ಟಾರಿಕ್ ಆಮ್ಲ ಒಡೆದು ಹೈಡ್ರೋಜನ್ ಬಿಡುತ್ತದೆ, ಪಿಹೆಚ್ ಇಳಿಯುತ್ತದೆ. ಮೇಲಿನ ವೈನಿನಲ್ಲಿ ಪೂರ್ತಿ ಲವಣರೂಪದ್ದು ಹೈಡ್ರೋಜನ್ ಹಿಡಿದುಕೊಂಡು ಬೈಟಾರ್ಟ್ರೇಟ್ ಆಗುತ್ತದೆ, ಪಿಹೆಚ್ ಏರುತ್ತದೆ. ಪಿಹೆಚ್ ಹೆಚ್ಚಿರುವ ವೈನನ್ನು ತಣಿಸುವ ಮೊದಲೇ ಆಮ್ಲ ಹಾಕಿ ಈ ಗೆರೆಯ ಕೆಳಗೆ ತರುವುದು ಇದಕ್ಕೇ. ಎರಡೂ ಕಡೆ ಒಟ್ಟು ಹುಳಿ ಮಾತ್ರ ಕಡಿಮೆಯಾಗುತ್ತದೆ.

ತೊಟ್ಟಿಯಲ್ಲಿ ನಾವು ಹಾಕುವುದೂ ಖನಿಜದ ಲೆಕ್ಕ ಕೆಡಿಸುತ್ತಾ?

ಬಹಳ. ಪೊಟ್ಯಾಷಿಯಂ ಮೆಟಾಬೈಸಲ್ಫೈಟಿನ ತೂಕದಲ್ಲಿ ಶೇಕಡಾ 35 ಪೊಟ್ಯಾಷಿಯಂ. ಹುಳಿ ತಗ್ಗಿಸಲು ಕ್ಯಾಲ್ಸಿಯಂ ಕಾರ್ಬನೇಟ್ ಹಾಕಿದರೆ ಕ್ಯಾಲ್ಸಿಯಂ ಟಾರ್ಟ್ರೇಟ್ ತಿಂಗಳುಗಟ್ಟಲೆ ತಡೆದು, ಬಾಟಲಿಗೆ ಹೋದ ಮೇಲೆ ಬೀಳಬಹುದು. ತಣಿಸಿದರೂ ಅದು ನೆಚ್ಚಿಕೊಳ್ಳುವಂತೆ ಮೊದಲೇ ಬೀಳದು. ವೈನನ್ನು ತಿಳಿಯಾಗಿಸಲು ಹಾಕುವ ಜೇಡಿಯಾದ ಸೋಡಿಯಂ ಬೆಂಟೊನೈಟ್ ಸೋಡಿಯಂ ಏರಿಸುತ್ತದೆ. ಹಳೆಯ ಕಬ್ಬಿಣದ ಸಲಕರಣೆಯಿಂದ ಬಂದ ಕಬ್ಬಿಣ 5ರಿಂದ 10 ಮಿಲಿಗ್ರಾಂ ದಾಟಿದರೆ ಬಿಳಿ ವೈನ್ ಗಾಳಿ ತಾಗಿದೊಡನೆ ಹಾಲಿನಂತೆ ಮಬ್ಬಾಗುತ್ತದೆ.

ಖನಿಜ ನೋಡಿ ವೈನ್ ಯಾವ ಊರಿನದು ಅಂತ ಹೇಳಬಹುದಾ?

ಬಾಯಿಂದ ಆಗದು, ಯಂತ್ರದಿಂದ ಸಾಧ್ಯ. ಹೆಚ್ಚು ನಂಬಿಕೆಯದು ಸ್ಟ್ರಾನ್ಶಿಯಂನ ಎರಡು ಬೇರೆ ತೂಕದ ಪರಮಾಣುಗಳ, ಅಂದರೆ ಸ್ಟ್ರಾನ್ಶಿಯಂ-87 ಮತ್ತು 86ರ ಅನುಪಾತ. ರುಬಿಡಿಯಂ-87 ನಿಧಾನವಾಗಿ ಸ್ಟ್ರಾನ್ಶಿಯಂ-87 ಆಗುತ್ತದೆ, ಅರ್ಧಾಯುಷ್ಯ ಸುಮಾರು 4,900 ಕೋಟಿ ವರ್ಷ. ಹಾಗಾಗಿ ಎಳೆಯ ಬಸಾಲ್ಟಿನ ನೆಲದಲ್ಲಿ ಈ ಅನುಪಾತ 0.703ರಿಂದ 0.706, ಕಡಲಲ್ಲಿ ಹುಟ್ಟಿದ ಸುಣ್ಣಕಲ್ಲಿನಲ್ಲಿ 0.707ರಿಂದ 0.709, ಹಳೆಯ ಗ್ರಾನೈಟಿನಲ್ಲಿ 0.710ಕ್ಕೂ ಮೇಲೆ. ಬೇರು, ಕಾಯಿ, ಯೀಸ್ಟ್ ಯಾವುದೂ ಈ ಅನುಪಾತವನ್ನು ಗಣನೀಯವಾಗಿ ಬದಲಿಸುವುದಿಲ್ಲ. ಹೋಲಿಸಬೇಕಾದ್ದು ಮಾತ್ರ ಇಡೀ ಬಂಡೆಯನ್ನಲ್ಲ, ಮಣ್ಣಿನಲ್ಲಿ ಬೇರಿಗೆ ದಕ್ಕುವ ಭಾಗವನ್ನು. ನೀರಾವರಿಯ ನೀರು ದೂರದಿಂದ ಬಂದರೆ ಅದರ ಗುರುತೂ ಬೆರೆಯುತ್ತದೆ. ಸೀರಿಯಂ, ಲ್ಯಾಂಥನಂನಂಥ ವಿರಳ ಮೃತ್ತಿಕೆ ಧಾತುಗಳ ಗುರುತು ಬೆಂಟೊನೈಟ್ ತಾಗಿದೊಡನೆ ಕಲಸಿಹೋಗುತ್ತದೆ, ಅವನ್ನು ನೆಚ್ಚುವುದಾದರೆ ಬೆಂಟೊನೈಟ್ ಹಾಕುವ ಮೊದಲಿನ ಮಾದರಿಯನ್ನೇ ಎತ್ತಿಡಿ.